ನಂಬರ್ ಒನ್ ಓಟ ನಿಂತ ಮೇಲಿನ ಪೆಟ್ ಶಾಪ್ ಬಾಯ್ಸ್

ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್ ಅಂದ ತಕ್ಷಣ ಅಭಿಮಾನಿಗಳು ಲೆಕ್ಕ ಶುರು ಮಾಡುತ್ತಾರೆ. ಬ್ರಿಟನ್ನಿನಲ್ಲಿ ನಾಲ್ಕು ನಂಬರ್ ಒನ್ ಹಾಡು, ಎಲ್ಲವೂ 1986ರಿಂದ 1988ರೊಳಗೆ. ಸರಿ, ಒಪ್ಪಿದೆ. ಆದರೆ ಈ ಜೋಡಿಯ ನಿಜವಾದ ತಾಕತ್ತು ಕಂಡಿದ್ದು ಆ ಓಟ ನಿಂತ ಮೇಲೆ ಅನ್ನೋದು ನನ್ನ ವಾದ.

ಜೋಡಿಯ ಗಾಯಕ ನೀಲ್ ಟೆನೆಂಟ್ ಮೂಲತಃ ಪತ್ರಕರ್ತರು. 'ಸ್ಮ್ಯಾಶ್ ಹಿಟ್ಸ್' ಅನ್ನೋ ಪಾಪ್ ಪತ್ರಿಕೆಯಲ್ಲಿ ಕೆಲಸ. 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಜೋಡಿಯ ಇನ್ನೊಬ್ಬರಾದ ಕ್ರಿಸ್ ಲೋ ಪರಿಚಯವಾಯಿತು. 1983ರಲ್ಲಿ 'ದಿ ಪೊಲೀಸ್' ಬ್ಯಾಂಡಿನ ಸಂದರ್ಶನಕ್ಕೆ ಅಂತ ಟೆನೆಂಟ್ ನ್ಯೂಯಾರ್ಕಿಗೆ ಹೋದರು. ಹೋದವರು ಸುಮ್ನೆ ಬರಲಿಲ್ಲ. ತಮ್ಮಿಬ್ಬರಿಗೂ ಇಷ್ಟವಾಗಿದ್ದ ಸಂಗೀತ ನಿರ್ಮಾಪಕ ಬಾಬಿ ಆರ್ಲ್ಯಾಂಡೋ ಅವರನ್ನೂ ಭೇಟಿ ಮಾಡಿ, ತಮ್ಮ ಹಾಡು ರೆಕಾರ್ಡ್ ಮಾಡುವ ಮಾತು ಮುಗಿಸಿಕೊಂಡೇ ಬಂದರು. ಹಾಗೆ ಅವರ ಜೊತೆ ಮಾಡಿದ 'ವೆಸ್ಟ್ ಎಂಡ್ ಗರ್ಲ್ಸ್' ಹಾಡು 1984ರಲ್ಲಿ ಬ್ರಿಟನ್ನಿನಲ್ಲಿ ಓಡಲಿಲ್ಲ. ಇನ್ನೊಬ್ಬ ನಿರ್ಮಾಪಕ ಸ್ಟೀಫನ್ ಹೇಗ್ ಜೊತೆ ಮತ್ತೆ ರೆಕಾರ್ಡ್ ಮಾಡಿದ ಮೇಲೆ, 1986ರಲ್ಲಿ, ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನ.

1988ರಲ್ಲಿ 'ಡಾಮಿನೋ ಡಾನ್ಸಿಂಗ್' ಹಾಡು ಏಳನೇ ಸ್ಥಾನಕ್ಕೆ ನಿಂತಿತು, ನಂಬರ್ ಒನ್ ಓಟ ಮುಗಿಯಿತು. ತಾರೆಗಳು ಏರೋದನ್ನೂ ಇಳಿಯೋದನ್ನೂ ಪತ್ರಿಕೆಯಲ್ಲಿ ಕೂತು ನೋಡಿದ್ದ ಮನುಷ್ಯ, ತಮ್ಮ ಸರದಿ ಬಂದಾಗಲೂ ಗುರುತಿಸಿದರು. ಗೆದ್ದದ್ದೇ ಗೆದ್ದದ್ದು ಅನ್ನುವಂಥ ಕಾಲಕ್ಕೆ 'ಇಂಪೀರಿಯಲ್ ಫೇಸ್' ಅಂತ ಹೆಸರಿಟ್ಟವರೇ ಅವರು.

ಆಮೇಲೆ ಬೇರೆಯವರಾಗಿದ್ದರೆ ಹಳೇ ಹಿಟ್ಟನ್ನೇ ಮತ್ತೆ ತಟ್ಟುತ್ತಿದ್ದರು. ಇವರು 1990ರಲ್ಲಿ 'ಬಿಹೇವಿಯರ್' ಆಲ್ಬಂ ಮಾಡಿದರು. ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್, ಜೊತೆಗೆ ಹಳೇ ಅನಲಾಗ್ ಸಿಂಥ್‌ಗಳು, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಸಿಂಥಸೈಜರ್ ವಾದ್ಯಗಳು. ಅದರಲ್ಲಿರುವ 'ಬೀಯಿಂಗ್ ಬೋರಿಂಗ್' ಕೇಳಿ. ಹುಡುಗಾಟದ ಪಾರ್ಟಿಗಳು, ಎಪ್ಪತ್ತರ ದಶಕದಲ್ಲಿ ಮನೆ ಬಿಟ್ಟು ಹೊರಟ ಹುರುಪು, ತೊಂಬತ್ತರ ದಶಕಕ್ಕೆ ಬಂದಾಗ ಜೊತೆಗಿದ್ದವರಲ್ಲಿ ಕೆಲವರೇ ಇಲ್ಲ. ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಿನ ಹಾಡು ಇದು. ಆದರೆ ಟೆನೆಂಟ್ ಅಳೋದಿಲ್ಲ, ದನಿ ಏರಿಸೋದೂ ಇಲ್ಲ. ಸಿಂಥ್ ಸಂಗೀತದಲ್ಲಿ ಭಾವನೆ ಇಲ್ಲ ಅನ್ನೋರಿಗೆ ನಾನು ಬೇರೆ ಉತ್ತರ ಕೊಡಲ್ಲ, ಇದನ್ನೇ ಹಾಕುತ್ತೇನೆ. ಚಾರ್ಟಿನಲ್ಲಿ ಇದಕ್ಕೆ ಸಿಕ್ಕಿದ್ದು ಇಪ್ಪತ್ತನೇ ಸ್ಥಾನ. ಆ ನಾಲ್ಕು ನಂಬರ್ ಒನ್‌ಗಳನ್ನೂ ಇದೊಂದಕ್ಕೆ ಬಿಟ್ಟುಕೊಡಲು ನಾನು ತಯಾರು.

ಇನ್ನು ಲೋ. ಟೋಪಿ, ಕಪ್ಪು ಕನ್ನಡಕ, ಕೀಬೋರ್ಡ್ ಹಿಂದೆ ಕದಲದೆ ನಿಲುವು. 'ಇವರೇನು ಮಾಡ್ತಾರೆ?' ಅಂತ ನಗುವವರು ಜಾಸ್ತಿ. ಕುಣಿದಾಡುವ ತಾರೆಗಳ ನಡುವೆ ಹಾಗೆ ಸುಮ್ಮನೆ ನಿಲ್ಲೋಕೂ ಧೈರ್ಯ ಬೇಕು, ಅಲ್ವಾ?

ಆಮೇಲಿನದೆಲ್ಲ ಚಿನ್ನ ಅಂತಲ್ಲ. ಗಿಟಾರ್ ಹಿಡಿದ 2002ರ 'ರಿಲೀಸ್' ಆಲ್ಬಂ ನನಗೆ ಸಪ್ಪೆ. ಆದರೆ ಎರಡೇ ವರ್ಷಕ್ಕೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 'ಬ್ಯಾಟಲ್‌ಶಿಪ್ ಪೊಟೆಮ್‌ಕಿನ್' ಮೂಕಿ ಚಿತ್ರಕ್ಕೆ ಆರ್ಕೆಸ್ಟ್ರಾ ಜೊತೆ ಹೊಸ ಸಂಗೀತ ನುಡಿಸಿದರು. ಹಿಟ್‌ಗಳ ಬೆನ್ನು ಹತ್ತಿದ ಜೋಡಿ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.