ಸೊಂಟ ತಗ್ಗಿರಲಿ: ಆ್ಯರನ್ ಡೊನಾಲ್ಡ್ ಆಟ

ಕೇಳುಗರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಅಂದ ಕೂಡಲೇ ನಮ್ಮಲ್ಲಿ ಬರುವ ಮಾತು ಒಂದೇ: "ದಪ್ಪ ದಪ್ಪ ಗಂಡಸರು ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರೆ, ಅದರಲ್ಲೇನಿದೆ?" ಇದೆ ಸ್ವಾಮಿ, ಬೇಕಾದಷ್ಟಿದೆ. ಆ ಗುದ್ದಾಟವನ್ನೇ ಕಸುಬು ಮಾಡಿಕೊಂಡ ಒಬ್ಬರ ಆಟವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಆ್ಯರನ್ ಡೊನಾಲ್ಡ್, ರಾಮ್ಸ್ ತಂಡದ ಡಿಫೆನ್ಸಿವ್ ಟ್ಯಾಕಲ್. 2014ರಿಂದ 2023ರ ಋತುವಿನವರೆಗೆ ಹತ್ತು ವರ್ಷ ಒಂದೇ ತಂಡ. ಊರು ಬದಲಿಸಿದ್ದು ತಂಡ, 2016ರಲ್ಲಿ, ಸೇಂಟ್ ಲೂಯಿಸ್ ಬಿಟ್ಟು ಲಾಸ್ ಏಂಜಲೀಸ್‌ಗೆ.

ಆಟದ ಲೆಕ್ಕ ಸುಲಭ. ಚೆಂಡಿರುವ ತಂಡ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡೆಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನರ ಗೋಡೆ. ಗೋಡೆಯ ನಟ್ಟನಡುವೆ ಸೆಂಟರ್, ಅವನ ಎರಡು ಪಕ್ಕಕ್ಕೆ ಗಾರ್ಡ್‌ಗಳು. ಆ ಗೋಡೆಯನ್ನು ಒಡೆಯುವವರು ಡಿಫೆನ್ಸಿವ್ ಲೈನ್‌ನವರು, ಅವರಲ್ಲಿ ಒಳಗೆ, ನಡುವೆ ನಿಲ್ಲುವವನೇ ಡಿಫೆನ್ಸಿವ್ ಟ್ಯಾಕಲ್. ಒಡೆಯಲು ಸಿಗುವ ಸಮಯ ಸುಮಾರು ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಚೆಂಡು ಕೈಬಿಟ್ಟು ಹೋಗಿರುತ್ತದೆ.

ಗೋಡೆಯಲ್ಲಿ ನಿಲ್ಲುವವರು ಸಾಮಾನ್ಯವಾಗಿ ಆರಡಿ ನಾಲ್ಕಂಗುಲ, 140 ಕಿಲೋ ಮೇಲೆ. ಒಂದೂವರೆ ಕ್ವಿಂಟಲ್ ತೂಗುವವರೂ ಇದ್ದಾರೆ. ಡೊನಾಲ್ಡ್ ಆರಡಿ ಒಂದಂಗುಲ, 129 ಕಿಲೋ. ಹಾಗಾಗಿಯೇ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2014ರ ಆಯ್ಕೆಯಲ್ಲಿ ಹನ್ನೆರಡು ಹೆಸರು ಕೂಗಿದ ಮೇಲೆ ಇವರ ಹೆಸರು ಬಂತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಹಿಂದಿನ ವರ್ಷವಷ್ಟೇ ಔಟ್‌ಲ್ಯಾಂಡ್, ಲೊಂಬಾರ್ಡಿ, ನಗುರ್ಸ್ಕಿ, ಬೆಡ್ನರಿಕ್, ಕಾಲೇಜು ಆಟಗಾರರಿಗೆ ಕೊಡುವ ಈ ನಾಲ್ಕೂ ಪ್ರಶಸ್ತಿ ಬಾಚಿಕೊಂಡವರು! ಎತ್ತರ ಅಳೆಯುವ ಪಟ್ಟಿ ಹಿಡಿದವರಿಗೆ ಇದು ಕಾಣಲಿಲ್ಲ. ಸೊಂಟ ಎಷ್ಟು ತಗ್ಗುತ್ತದೆ ಅಂತ ಅಳೆಯುವ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ.

ನಾನು ಹೇಳಬೇಕೆಂದಿರುವುದೂ ಅಷ್ಟೇ. ಈ ಜಾಗದಲ್ಲಿ ತಗ್ಗಿದವನೇ ಗೆಲ್ಲೋದು.

ಹೇಗೆ ಅಂತ ಕೇಳಿ. ಎರಡು ಕಾಲು, ಒಂದು ಕೈ ನೆಲಕ್ಕೂರಿ ನಿಲ್ಲಬೇಕು. ಕೈಮೇಲೆ ತೀರಾ ಭಾರ ಬಿಟ್ಟರೆ ಮುಗ್ಗರಿಸುತ್ತೀರಿ, ಎದುರಿನವನು ಭುಜ ಹಿಡಿದು ಕೆಳಕ್ಕೆ ಎಳೆದರೆ ಸಾಕು. ಭಾರ ಹಿಂದಿಟ್ಟರೆ ಮೊದಲ ಹೆಜ್ಜೆ ತಡ. ಕಣ್ಣು ಚೆಂಡಿನ ಮೇಲಿರಲಿ, ಕಿವಿ ಮುಚ್ಚಿರಲಿ. ಕ್ವಾರ್ಟರ್‌ಬ್ಯಾಕ್ ಬೇಕೆಂದೇ ದನಿ ಏರಿಸಿ ಮೋಸ ಮಾಡುತ್ತಾನೆ, ಆ ದನಿಗೆ ಹಾರಿದರೆ ಐದು ಗಜ ದಂಡ. ಚೆಂಡು ಅಲುಗಿದ ಕೂಡಲೇ ಹೊರಡಬೇಕು. ಎರಡನೇ ಹೆಜ್ಜೆ ಊರುವಷ್ಟರಲ್ಲಿ ಅಂಗೈ ಎದುರಿನವನ ಎದೆಯ ಮೇಲೆ, ಹೆಬ್ಬೆರಳು ಮೇಲ್ಮುಖ, ಮೊಣಕೈ ಪಕ್ಕೆಗೆ ಅಂಟಿರಬೇಕು. ಮೊಣಕೈ ಹೊರಗೆ ಹೋಯಿತೋ, ಅವನ ಕೈ ನಿಮ್ಮ ಎದೆಗೆ ಬಂತು, ಅಲ್ಲಿಗೆ ಕಥೆ ಮುಗಿಯಿತು. ಇಡೀ ಮನುಷ್ಯನ ಮೇಲೆ ಬೀಳಬಾರದು, ಒಂದೇ ಭುಜದ ಮೇಲೆ ಬೀಳಬೇಕು. ಅರ್ಧ ಮನುಷ್ಯನನ್ನು ದಾಟುವುದು ಸುಲಭ. ಡೊನಾಲ್ಡ್ ಹೆಚ್ಚಾಗಿ ನಿಲ್ಲುತ್ತಿದ್ದದ್ದು ಗಾರ್ಡ್‌ನ ಹೊರಭುಜಕ್ಕೆ ಎದುರಾಗಿ. ತರಬೇತುದಾರರ ಭಾಷೆಯಲ್ಲಿ ಅದು ಮೂರನೇ ನಂಬರಿನ ಜಾಗ.

ಇಷ್ಟೆಲ್ಲ ಸರಿಯಾಗಿ ಮಾಡಿ, ಸೊಂಟ ಮಾತ್ರ ಮೇಲೆದ್ದರೆ? ಎಲ್ಲ ವ್ಯರ್ಥ. ನೆಟ್ಟಗೆ ನಿಂತವನನ್ನು ತಳ್ಳುವುದಕ್ಕೆ ಬಲ ಬೇಕಿಲ್ಲ.

ಈಗ ಆ ರಾತ್ರಿಗೆ ಬರೋಣ. 2022ರ ಫೆಬ್ರವರಿ 13, ಸೂಪರ್ ಬೌಲ್ ಅನ್ನುವ ಫೈನಲ್ ಪಂದ್ಯ, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನ ಸೋಫೈ ಕ್ರೀಡಾಂಗಣ. ನಮಗೆ ಆಗ ಸೋಮವಾರ ಬೆಳಗಿನ ಜಾವ, ಆಟ ಶುರುವಾದಾಗ ಐದು ಗಂಟೆ. ರಾಮ್ಸ್ 23, ಸಿನ್ಸಿನಾಟಿ ಬೆಂಗಾಲ್ಸ್ 20. ಉಳಿದಿರುವುದು ಒಂದು ನಿಮಿಷಕ್ಕೂ ಕಡಿಮೆ. ಚೆಂಡು ಬೆಂಗಾಲ್ಸ್ ಕೈಯಲ್ಲಿ, ಹೆಚ್ಚುಕಮ್ಮಿ ಮೈದಾನದ ನಡುವೆ. ಮೂರನೇ ಪ್ರಯತ್ನ, ಬೇಕಿರುವುದು ಒಂದೇ ಗಜ. ಚೆಂಡನ್ನು ಸಮಾಜೆ ಪೆರೈನ್ ಕೈಗಿಟ್ಟು ಓಡಿಸಿದರು. ಒಂದು ಗಜ ಅಂದರೆ ಮೂರಡಿ, ಮುಂದಕ್ಕೆ ಬಿದ್ದರೂ ಸಿಗುವ ದೂರ. ಡೊನಾಲ್ಡ್ ತಬ್ಬಿ ನಿಲ್ಲಿಸಿದರು, ಆ ಗಜ ಸಿಗಲಿಲ್ಲ.

ಗಡಿಯಾರದಲ್ಲಿ 43 ಸೆಕೆಂಡ್. ಕೊನೆಯ ಪ್ರಯತ್ನ, ಬೇಕಿರುವುದು ಅದೇ ಒಂದು ಗಜ. ಈ ಸಲ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆಯಲು ಹಿಂದೆ ನಿಂತ. ಚೆಂಡು ಅಲುಗಿತು. ಡೊನಾಲ್ಡ್ ಗಾರ್ಡ್‌ನ ಕೈಗಳನ್ನು ಬಡಿದು ಬದಿಗೆ ಸರಿಸಿದರು, ಭುಜ ತಗ್ಗಿಸಿ ಪಕ್ಕದಿಂದ ನುಸುಳಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬರೋ ಸೊಂಟಕ್ಕೆ ಕೈ ಬಿತ್ತು. ಬುಗುರಿ ತಿರುಗಿಸಿದ ಹಾಗೆ ಅವನನ್ನು ತಿರುಗಿಸಿದರು. ಬರೋ ತಿರುಗುತ್ತಲೇ ಚೆಂಡನ್ನು ಪೆರೈನ್ ಕಡೆಗೆ ಹೇಗೋ ಒಗೆದ. ಅದು ನೆಲಕ್ಕೆ ಬಿತ್ತು. ಡೊನಾಲ್ಡ್ ಹೆಲ್ಮೆಟ್ ಕಿತ್ತು, ಉಂಗುರದ ಬೆರಳು ತೋರಿಸುತ್ತಾ ಓಡಿದರು. ಗೆದ್ದವರಿಗೆ ಉಂಗುರ ಕೊಡುವುದು ಅಲ್ಲಿನ ಪದ್ಧತಿ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಅದೇ ಹೊತ್ತಿಗೆ ದೂರದಲ್ಲಿ ಬೆಂಗಾಲ್ಸ್‌ನ ಜಮಾರ್ ಚೇಸ್ ಕಾವಲುಗಾರನನ್ನು ಹಿಂದೆ ಬಿಟ್ಟು ಒಬ್ಬನೇ ಓಡುತ್ತಿದ್ದ. ಬರೋಗೆ ಇನ್ನೊಂದು ಸೆಕೆಂಡ್ ಸಿಕ್ಕಿದ್ದರೆ ಕಪ್ ಬೇರೆ ಊರಿಗೆ ಹೋಗಬಹುದಿತ್ತು. ಆ ಒಂದು ಸೆಕೆಂಡ್ ಕಿತ್ತುಕೊಳ್ಳುವುದೇ ಡಿಫೆನ್ಸಿವ್ ಟ್ಯಾಕಲ್ ಕೆಲಸ. ತಮಾಷೆ ಏನು ಗೊತ್ತೇ? ಚೆಂಡು ಕೈಬಿಟ್ಟಿದ್ದರಿಂದ ಅದು ಸ್ಯಾಕ್ ಅಲ್ಲ. ಚೆಂಡು ಕೈಯಲ್ಲಿರುವಾಗಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಮಾತ್ರ ಸ್ಯಾಕ್. ಡೊನಾಲ್ಡ್ ಜೀವನದ ಅತಿ ದೊಡ್ಡ ಆಟ ಅವರ 111 ಸ್ಯಾಕ್‌ಗಳ ಲೆಕ್ಕಕ್ಕೆ ಬರಲೇ ಇಲ್ಲ. ಬರೀ ಅಂಕಿ ನೋಡಿ ವಾದ ಮಾಡುವವರು ಇದನ್ನು ಸ್ವಲ್ಪ ನೆನಪಿಡಬೇಕು.

ಅಂಕಿ ಕೇಳಲೇಬೇಕು ಅನ್ನುವವರಿಗೆ ಒಂದು ಕೊಡುತ್ತೇನೆ. 2018ರಲ್ಲಿ ಒಂದೇ ಋತುವಿನಲ್ಲಿ 20.5 ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ, ಅದಕ್ಕೇ ಆ ದಶಮಾಂಶ. ಒಳಗಿನ ಜಾಗದಲ್ಲಿ ನಿಲ್ಲುವವರಲ್ಲಿ ಅದಕ್ಕೆ ಮುಂಚಿನ ದಾಖಲೆ 1989ರಲ್ಲಿ ಕೀತ್ ಮಿಲಾರ್ಡ್ ಮಾಡಿದ 18. ಅಂಚಿನಲ್ಲಿ ನಿಲ್ಲುವವನಿಗೆ ಸುತ್ತಿ ಬರಲು ಬಯಲಿದೆ, ಒಳಗಿನವನಿಗೆ ಇಲ್ಲ. ಅವನ ಮೇಲೆ ಗಾರ್ಡ್, ಸೆಂಟರ್ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಆಗ ಏನು ಮಾಡಬೇಕು? ಇನ್ನೂ ತಗ್ಗಬೇಕು! ಒಂದು ಭುಜ ಇಬ್ಬರ ನಡುವೆ ತೂರಿಸಿ, ಬೇಕಾದರೆ ಮೊಣಕಾಲೂರಿ ಅಲ್ಲೇ ರಾಶಿ ಹಾಕಬೇಕು. ಇಬ್ಬರು ಒಬ್ಬನ ಮೇಲೆ ಬಿದ್ದರೆ ಪಕ್ಕದವನಿಗೆ ದಾರಿ ಬಿಡುವು. ಆ ಸೂಪರ್ ಬೌಲ್‌ನಲ್ಲಿ ರಾಮ್ಸ್ ಮಾಡಿದ ಏಳು ಸ್ಯಾಕ್‌ಗಳಲ್ಲಿ ಡೊನಾಲ್ಡ್‌ದು ಎರಡು, ಅಂಚಿನಿಂದ ಬಂದ ವಾನ್ ಮಿಲ್ಲರ್‌ದೂ ಎರಡು.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹನ್ನೆರಡನೇ ವಯಸ್ಸಿನಿಂದ ಅಪ್ಪನ ಜೊತೆ ಬೆಳಗಿನ ನಾಲ್ಕೂವರೆಗೆ ಎದ್ದು ಮನೆಯ ನೆಲಮಾಳಿಗೆಯಲ್ಲಿ ಕಸರತ್ತು. ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಮೂರು ಸಲ: 2017, 2018, 2020. ಅದರಲ್ಲಿ 2017ರ ತಯಾರಿ ಶಿಬಿರಕ್ಕೆ ಸಂಬಳದ ತಕರಾರಿನಿಂದ ಹೋಗಲೇ ಇಲ್ಲ, ಮೊದಲ ಪಂದ್ಯವನ್ನೂ ಆಡಲಿಲ್ಲ. ಮರುವರ್ಷ ಆರು ವರ್ಷಕ್ಕೆ 13.5 ಕೋಟಿ ಡಾಲರ್ ಕರಾರು. 2022ರಲ್ಲಿ ಪಾದದ ಕೀಲು ಉಳುಕಿ ಆರು ಪಂದ್ಯ ತಪ್ಪಿತು. ಸೊಂಟ ತಗ್ಗಿಸಿ ತಳ್ಳುವವನ ಭಾರವೆಲ್ಲ ಕೂರುವುದು ಆ ಕೀಲಿನ ಮೇಲೆಯೇ. 2024ರ ಮಾರ್ಚ್‌ನಲ್ಲಿ ನಿವೃತ್ತಿ, ವಯಸ್ಸು 32.

ಆ ಕೊನೆಯ ಪ್ರಯತ್ನದ ವಿಡಿಯೋ ಸಿಗುತ್ತದೆ, ನೋಡಿ. ನೋಡುವಾಗ ಒಂದು ಸಲ ಚೆಂಡನ್ನು ಬಿಟ್ಟುಬಿಡಿ. 99 ನಂಬರಿನ ಅಂಗಿಯ ಸೊಂಟದ ಮೇಲೆ ಕಣ್ಣಿಡಿ. ನಮಸ್ಕಾರ.