ವೆಲ್ಡರ್ ಹೋದರೆ ಪ್ರೊಸೀಜರ್ ಹೋಗಲ್ಲ

ಕೇಳುಗರಿಗೆ ನಮಸ್ಕಾರ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಫ್ಯಾಬ್ರಿಕೇಷನ್ ಶಾಪ್‌ನಲ್ಲಿ ಒಬ್ಬ ಒಳ್ಳೆಯ ವೆಲ್ಡರ್ ಕೆಲಸ ಬಿಟ್ಟರು. ಆಫೀಸಿನಲ್ಲಿ ಗಾಬರಿ ಶುರುವಾಯಿತು. ನಮ್ಮ ಪಿಕ್ಯೂಆರ್, ಅಂದರೆ ಪ್ರೊಸೀಜರ್ (ವೆಲ್ಡ್ ಮಾಡುವ ವಿಧಾನ) ಪರೀಕ್ಷೆಯ ದಾಖಲೆ, ಅವರು ವೆಲ್ಡ್ ಮಾಡಿದ ಪ್ಲೇಟಿನದು, ಅದರಲ್ಲಿ ಅವರ ಹೆಸರೂ ಇತ್ತು, ಹಾಗಾಗಿ ಅವರ ಜೊತೆ ಅದೂ ಹೋಯಿತು ಅಂದುಕೊಂಡು ಹೊಸ ಪ್ಲೇಟ್ ತರಿಸಿ, ವೆಲ್ಡ್ ಮಾಡಿಸಿ, ಲ್ಯಾಬಿಗೆ ಕಳಿಸಿ ಕಾದೆವು. ಅದರ ಅಗತ್ಯವೇ ಇರಲಿಲ್ಲ. ಆ ಖರ್ಚು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ನಾವು ಅನುಸರಿಸುತ್ತಿದ್ದದ್ದು ಎಎಸ್‌ಎಂಇ ಸೆಕ್ಷನ್ 9, ಅಂದರೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆಯ ವೆಲ್ಡಿಂಗ್ ಅರ್ಹತೆಯ ನಿಯಮಾವಳಿ. ಅದರಲ್ಲಿ ಪ್ರೊಸೀಜರ್‌ಗೆ ಒಂದು ಭಾಗ, ವೆಲ್ಡರ್‌ಗೆ ಇನ್ನೊಂದು. ಈ ಲೋಹ, ಈ ರಾಡ್, ಈ ಬಿಸಿ ಸೇರಿದರೆ ಜಾಯಿಂಟ್‌ಗೆ ಬೇಕಾದ ಬಲ ಬರುತ್ತದೆಯೇ ಅಂತ ನೋಡುವುದು ಪ್ರೊಸೀಜರ್ ಪರೀಕ್ಷೆ. ಅದಕ್ಕೇ ಗ್ರೂವ್ ವೆಲ್ಡ್ (ಎರಡು ಅಂಚಿನ ನಡುವಿನ ಸಂದು ತುಂಬಿದ ವೆಲ್ಡ್) ಕೂಪನ್‌ನಿಂದ, ಅಂದರೆ ಪರೀಕ್ಷೆಯ ತುಂಡಿನಿಂದ, ಎಳೆದು ನೋಡಲು ಎರಡು ಟೆನ್ಸೈಲ್ ಪೀಸ್, ಬಗ್ಗಿಸಿ ನೋಡಲು ನಾಲ್ಕು ಬೆಂಡ್ ಪೀಸ್ ಕತ್ತರಿಸುತ್ತಾರೆ. ವೆಲ್ಡರ್ ಪರೀಕ್ಷೆಯಲ್ಲಿ ಟೆನ್ಸೈಲ್ ಕೇಳುವುದೇ ಇಲ್ಲ. ಅಲ್ಲಿ ನೋಡುವುದು ಆ ಕೈ ದೋಷವಿಲ್ಲದೆ ಲೋಹ ತುಂಬುತ್ತದೆಯೇ ಅಂತ ಮಾತ್ರ. ಬೆಂಡ್ ಸಾಕು, ಎಷ್ಟೋ ಸಲ ರೇಡಿಯೋಗ್ರಫಿಯೂ (ಎಕ್ಸ್-ರೇ ತರಹದ ಚಿತ್ರ) ನಡೆಯುತ್ತದೆ.

ಪೊಸಿಷನ್, ಅಂದರೆ ವೆಲ್ಡ್ ಮಾಡುವಾಗ ಜಾಯಿಂಟ್ ಇರುವ ಸ್ಥಿತಿ, ಆ ವಿಷಯವನ್ನೇ ನೋಡಿ. ಇಂಪ್ಯಾಕ್ಟ್ ಟೆಸ್ಟ್ (ಹೊಡೆತ ತಡೆಯುತ್ತದೆಯೇ ಅಂತ ನೋಡುವ ಪರೀಕ್ಷೆ) ಬೇಡದ ಕೆಲಸದಲ್ಲಿ, ಪ್ಲೇಟನ್ನು ನೆಲಕ್ಕೆ ಸಮನಾಗಿಟ್ಟು ಪಾಸ್ ಮಾಡಿದ ಪ್ರೊಸೀಜರನ್ನೇ ಓವರ್‌ಹೆಡ್, ಅಂದರೆ ತಲೆ ಮೇಲಿನ ಜಾಯಿಂಟಿನ, ವೆಲ್ಡಿಂಗ್‌ಗೂ ಬಳಸಬಹುದು. ಆದರೆ ಹಾಗೇ ಪಾಸಾದ ವೆಲ್ಡರ್‌ನನ್ನು ಓವರ್‌ಹೆಡ್ ಗ್ರೂವ್ ಜಾಯಿಂಟ್‌ಗೆ ಹಾಕುವ ಹಾಗಿಲ್ಲ. ಅದಕ್ಕೇ ಅಲ್ವಾ ಪೈಪನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಎಲ್ಲ ಪೊಸಿಷನ್‌ಗೂ ಸಲ್ಲುವ 6ಜಿ ಟೆಸ್ಟ್ ಕೊಡಿಸುವುದು? ವೆಲ್ಡ್ ಆದ ಮೇಲೆ ಫರ್ನೇಸ್‌ನಲ್ಲಿ ಕಾಯಿಸಬೇಕು ಅಂತ ಹೊಸದಾಗಿ ಸೇರಿಸಿದಿರಿ ಅನ್ನಿ, ಆಗ ಪ್ರೊಸೀಜರನ್ನು ಮತ್ತೆ ಪರೀಕ್ಷೆ ಮಾಡಲೇಬೇಕು, ವೆಲ್ಡರ್‌ಗೆ ಏನೂ ಬೇಕಿಲ್ಲ.

ಗೊಂದಲ ಹುಟ್ಟುವುದು ಎಲ್ಲಿ ಗೊತ್ತಾ? ಪಿಕ್ಯೂಆರ್ ಪ್ಲೇಟ್ ವೆಲ್ಡ್ ಮಾಡಿದವರು, ಅದು ಪಾಸಾದರೆ, ಆ ಪರೀಕ್ಷೆಯ ಮಿತಿಯೊಳಗೆ ವೆಲ್ಡರ್ ಆಗಿಯೂ ಪಾಸಾಗುತ್ತಾರೆ. ಪ್ಲೇಟ್ ಒಂದೇ, ಕಾಗದ ಮಾತ್ರ ಎರಡು ಆಗಬೇಕು, ಪ್ರೊಸೀಜರ್‌ಗೆ ಒಂದು, ವೆಲ್ಡರ್‌ಗೆ ಒಂದು. ನಾವು ಒಂದನ್ನೇ ಬರೆದು ಸುಮ್ನೆ ಫೈಲಿಗೆ ಹಾಕಿದ್ದೆವು.

ಪಿಕ್ಯೂಆರ್‌ಗೆ ಕೊನೆ ದಿನಾಂಕ ಇಲ್ಲ. ವೆಲ್ಡರ್ ಮಾತ್ರ 6 ತಿಂಗಳು ಒಂದು ಪ್ರೊಸೆಸ್‌ನಲ್ಲಿ (ಒಂದು ಬಗೆಯ ವೆಲ್ಡಿಂಗ್‌ನಲ್ಲಿ) ಕೆಲಸ ಮಾಡದೆ ಇದ್ದರೆ ಅದರಲ್ಲಿ ಅವರ ಅರ್ಹತೆ ಮುಗಿಯುತ್ತದೆ, ಮತ್ತೆ ಪರೀಕ್ಷೆ ಕೊಡಬೇಕು. ಅದಕ್ಕೆ ವೆಲ್ಡರ್‌ಗಳಿಗೇ ಒಂದು ರಿಜಿಸ್ಟರ್ ಇಡಿ, ಯಾರು ಯಾವ ಪ್ರೊಸೆಸ್‌ನಲ್ಲಿ ಕೊನೆಯದಾಗಿ ಯಾವಾಗ ವೆಲ್ಡ್ ಮಾಡಿದರು ಅಂತ ತಿಂಗಳಿಗೊಮ್ಮೆ ಬರೆಯಿರಿ. ಪಿಕ್ಯೂಆರ್ ಫೈಲ್ ಬೇರೆ ಬೀರುವಿನಲ್ಲಿರಲಿ. ಕೆಲಸ ಬಿಟ್ಟವರ ಹೆಸರು ಅದರಲ್ಲಿದ್ದರೆ ಇರಲಿ ಬಿಡಿ, ಅದನ್ನು ಅಳಿಸಬೇಡಿ.