ಒಂದೇ ಕಾರು, ಎರಡು ರೇಟು: ಕೆಎ ಪಾಸಿಂಗ್ ಗಾಡಿ ಯಾಕ ತುಟ್ಟಿ?

[ಓಪನಿಂಗ್: ಎರಡು ಬಿಳಿ ಕಾರು ಅಕ್ಕಪಕ್ಕ. ನಂಬರ್ ಪ್ಲೇಟ್ ಕ್ಲೋಸಪ್: ಒಂದು ಕೆಎ 36, ಇನ್ನೊಂದು ಎಪಿ 39.]

ನಮಸ್ಕಾರ್ರಿ. ಈ ಎರಡು ಗಾಡಿ ನೋಡ್ರಿ. ಕಂಪನಿ ಒಂದೇ, ಮಾಡೆಲ್ ಒಂದೇ, ಎರಡೂ 2020ರವು, ಓಡಿದ್ದೂ ಹೆಚ್ಚುಕಡಿಮಿ ಅಷ್ಟೇ. ಒಂದು ರಾಯಚೂರು ಪಾಸಿಂಗ್. ಇನ್ನೊಂದು ಆದೋನಿ ಕಡೆಯಿಂದ ಬಂದಿದ್ದು. ಆಂಧ್ರ ಗಾಡಿಗೆ ಕಡಿಮಿ ರೇಟು ಹೇಳ್ತಾರ, ನಮ್ಮ ಗಾಡಿಗೆ ಜಾಸ್ತಿ. ಬಳ್ಳಾರಿ, ಸಿರುಗುಪ್ಪ, ರಾಯಚೂರು ಮಂದಿ ಭಾಳ ಕೇಳೋ ಪ್ರಶ್ನೆ ಇದು: ಎಂಜಿನ್ ಅದೇ ಇದ್ದಮ್ಯಾಲ ರೇಟು ಯಾಕ ಬ್ಯಾರೆ? ಆ ಕಡೆಯಿಂದ ತಂದ್ರ ಲಾಭ ಐತೋ ಇಲ್ಲೋ?

ಇದಕ್ಕ ಉತ್ತರ ಸಿಗಬೇಕಂದ್ರ ಹೊಸ ಗಾಡಿ ಬೆಲಿ ಹೆಂಗ ಏರ್ತೈತಿ ಅನ್ನೋದು ಮೊದಲು ಗೊತ್ತಿರಬೇಕು. ಜಲ್ದಿ ಮುಗಿಸ್ತೀನಿ.

[ಸ್ಕ್ರೀನ್: 6,00,000 → 7,08,000 → ?]

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗೈತಿ. ಉದ್ದ ನಾಲ್ಕು ಮೀಟರ್ ಒಳಗ, ಪೆಟ್ರೋಲ್ ಆದ್ರ 1200 ಸಿಸಿ ತನಕ, ಡೀಸೆಲ್ ಆದ್ರ 1500 ಸಿಸಿ ತನಕ ಇದ್ರ 18 ಪರ್ಸೆಂಟ್. ಅದಕ್ಕಿಂತ ದೊಡ್ಡ ಗಾಡಿಗೆ 40. ಎಲೆಕ್ಟ್ರಿಕ್‌ಗೆ 5. ಇದರ ಮುಂಚೆ ಸಣ್ಣ ಪೆಟ್ರೋಲ್ ಗಾಡಿಗೆ 28, ಅದರ ಜೋಡಿ 1 ಪರ್ಸೆಂಟ್ ಸೆಸ್ ಇತ್ತು. ಟ್ಯಾಕ್ಸ್ ಬಿಟ್ಟು ಗಾಡಿ ಬೆಲಿ 6 ಲಕ್ಷ ಅಂತ ಹಿಡಿರಿ. ಆಗ ಎಕ್ಸ್‌ಶೋರೂಂ, ಅಂದ್ರ ಜಿಎಸ್‌ಟಿ ಸೇರಿದ ಶೋರೂಂ ಬೆಲಿ, 7,74,000 ಆಗ್ತಿತ್ತು, ಈಗ 7,08,000. ಚಲೋ ಆತು.

ಇನ್ನು ಲೈಫ್ ಟ್ಯಾಕ್ಸ್, ಅಂದ್ರ ಗಾಡಿಗೆ ಒಂದೇ ಸಲ ತುಂಬೋ ರೋಡ್ ಟ್ಯಾಕ್ಸ್. ಕರ್ನಾಟಕದಾಗ 5 ಲಕ್ಷದ ತನಕ 13 ಪರ್ಸೆಂಟ್, 5ರಿಂದ 10 ಲಕ್ಷಕ್ಕ 14, 10ರಿಂದ 20 ಲಕ್ಷಕ್ಕ 17, ಅದರ ಮ್ಯಾಲ 18. ಆ ಟ್ಯಾಕ್ಸ್ ಮ್ಯಾಲ ಸೆಸ್ ಬ್ಯಾರೆ. ದೇಶದಾಗ ಅತಿ ಹೆಚ್ಚು ಲೈಫ್ ಟ್ಯಾಕ್ಸ್ ಹಾಕೋ ರಾಜ್ಯಗಳ ಸಾಲಿನ್ಯಾಗ ನಾವಿದ್ದೀವಿ. ಈ 14 ಪರ್ಸೆಂಟ್ ಲೆಕ್ಕ ಹಾಕೋದು 6 ಲಕ್ಷದ ಮ್ಯಾಲ ಅಲ್ಲ, ಜಿಎಸ್‌ಟಿ ಸೇರಿದ 7,08,000ದ ಮ್ಯಾಲ. 99,120 ರೂಪಾಯಿ ಆಗ್ತೈತಿ. ಅದರಾಗ 15,120 ರೂಪಾಯಿ ಬರೀ ಜಿಎಸ್‌ಟಿ ಮ್ಯಾಲ ಬಿದ್ದ ಟ್ಯಾಕ್ಸ್. ಟ್ಯಾಕ್ಸಿಗೇ ಟ್ಯಾಕ್ಸ್ ತುಂಬೋದು ಅನ್ಯಾಯ ಅನ್ನೋದು ನಮ್ಮ ಅಭಿಪ್ರಾಯ. ಆದ್ರ ಕಾನೂನು ಸದ್ಯಕ್ಕ ಹಂಗ ಐತಿ.

ಹತ್ತು ಲಕ್ಷದ ಗೆರಿ ಒಂದು ನೆನಪಿಡ್ರಿ. ಎಕ್ಸ್‌ಶೋರೂಂ 9,95,000 ಇದ್ರ 14 ಪರ್ಸೆಂಟಿನಂಗ 1,39,300. ಅದೇ ಗಾಡಿ, ಒಂದು ಬಣ್ಣದ ಆಯ್ಕೆ ಸೇರಿ 10,05,000 ಆದ್ರ 17 ಪರ್ಸೆಂಟಿನಂಗ 1,70,850. ಬಣ್ಣಕ್ಕ 10,000 ಕೊಟ್ರಿ, ಟ್ಯಾಕ್ಸ್ 31,550 ಏರಿತು, ಸೆಸ್ ಬಿಟ್ಟು. ಹತ್ತು ಲಕ್ಷ ದಾಟಿದ್ರ ಶೋರೂಂನವರು 1 ಪರ್ಸೆಂಟ್ ಟಿಸಿಎಸ್, ಅಂದ್ರ ಮಾರುವಾಗಲೇ ಹಿಡಿಯೋ ಇನ್ಕಮ್ ಟ್ಯಾಕ್ಸ್, ಬ್ಯಾರೆ ಹಿಡಿತಾರ. ಇದು ನಿಮ್ಮ ರೊಕ್ಕ. ಇನ್ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರ ಲೆಕ್ಕಕ್ಕ ಸಿಗ್ತೈತಿ, ಹಾಕ್ದೇ ಬಿಟ್ರ ಹೋತು.

ಶೋರೂಂ ಕೊಟೇಶನ್‌ದಾಗ ಇನ್ಶೂರೆನ್ಸೂ ಸೇರಿಸಿರ್ತಾರ, ಆದ್ರ ಅಲ್ಲೇ ಮಾಡಿಸಬೇಕು ಅಂತ ಕಾಯ್ದೆ ಇಲ್ಲ. ಥರ್ಡ್ ಪಾರ್ಟಿ, ಅಂದ್ರ ನಿಮ್ಮ ಗಾಡಿಯಿಂದ ಬ್ಯಾರೆಯವರಿಗೆ ಆದ ಹಾನಿಯ ಇನ್ಶೂರೆನ್ಸ್, ಮೂರು ವರ್ಷಕ್ಕ ಕಡ್ಡಾಯ, ಅದು ಎಲ್ಲಿ ಮಾಡಿಸಿದ್ರೂ ಅಷ್ಟೇ. ನಿಮ್ಮ ಗಾಡಿಗೇ ಆದ ಹಾನಿಯ, ಅಂದ್ರ ಓನ್ ಡ್ಯಾಮೇಜ್ ಪ್ರೀಮಿಯಂ ಹೊರಗ ಎರಡು ಕಡೆ ಕೇಳಿ ತಾಳೆ ಹಾಕ್ರಿ. ಹ್ಯಾಂಡ್ಲಿಂಗ್ ಚಾರ್ಜ್, ಕೋಟಿಂಗ್, ಮ್ಯಾಟು-ಕವರಿನ ಕಿಟ್, ಇವು ಯಾವೂ ಕಡ್ಡಾಯ ಅಲ್ಲ.

[ಕಟ್. ಕಾಲುವೆ, ಒಂದು ಕಡೆ ಭತ್ತದ ಹಸಿರು, ಇನ್ನೊಂದು ಕಡೆ ಒಣ ಹೊಲ.]

ಈಗ ಅಸಲು ವಿಷಯಕ್ಕ ಬರೂಣು. ಸಿಂಧನೂರು, ಗಂಗಾವತಿ ಕಡೆಯವರಿಗೆ ಇದು ಭಾಳ ಹೇಳೋದು ಬ್ಯಾಡ. ತುಂಗಭದ್ರಾ ಎಡದಂಡೆ ಕಾಲುವಿ ಕೆಳಗ ಒಂದು ಎಕರೆ, ಕಾಲುವಿ ಮ್ಯಾಲ ಒಂದು ಎಕರೆ. ಎರಡಕ್ಕೂ ಅದೇ ಎರಿ ಮಣ್ಣು, ನಡುವ ಬರೀ ಒಂದು ಕಾಲುವಿ. ಎರಡಕ್ಕೂ ಒಂದೇ ರೇಟು ಕೊಡ್ತೀರೇನು? ಕೊಡಂಗಿಲ್ಲ. ಕೆಳಗಿನ ಹೊಲಕ್ಕ ಕೊಡೋ ರೊಕ್ಕದಾಗ ಮಣ್ಣಿನ ಬೆಲಿ ಜೋಡಿ ನೀರಿನ ಬೆಲಿನೂ ಕೂಡಿರ್ತೈತಿ.

ಕೆಎ ಪಾಸಿಂಗ್ ಗಾಡಿ ಅಂದ್ರ ಕಾಲುವಿ ಕೆಳಗಿನ ಹೊಲ ಇದ್ದಂಗ. ಮೊದಲನೇ ಮಾಲೀಕ ಲೈಫ್ ಟ್ಯಾಕ್ಸ್ ಒಂದೇ ಸಲಕ್ಕ ತುಂಬಿ ಬಿಟ್ಟಾನ. ಅದು ಅವನ ಹೆಸರಿನ ಮ್ಯಾಲ ಅಲ್ಲ, ಗಾಡಿ ಮ್ಯಾಲ ಕುಂತೈತಿ. ಎರಡನೇ ಮಾಲೀಕ, ಮೂರನೇ ಮಾಲೀಕ ಯಾರೂ ಅದನ್ನ ಮತ್ತ ತುಂಬೋ ಹಂಗಿಲ್ಲ. ಹಂಗಾಗಿ ಗಾಡಿ ಮಾರುವಾಗ ಉಳಿದ ಟ್ಯಾಕ್ಸಿನ ಪಾಲನ್ನೂ ಅವನು ನಿಮ್ಮ ಕಡೆಯಿಂದ ವಸೂಲಿ ಮಾಡ್ತಾನ. ಹಳೇ ಗಾಡಿ ರೇಟು ನಮ್ಮಲ್ಲಿ ಜಲ್ದಿ ಇಳಿಯಂಗಿಲ್ಲ ಅನ್ನೋದಕ್ಕ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಗಡಿ ಆಚೆ ಗಾಡಿಗೂ ಅಲ್ಲಿ ಟ್ಯಾಕ್ಸ್ ತುಂಬಿರ್ತಾರ. ಆದ್ರ ಅದು ಬ್ಯಾರೆ ಕಾಲುವಿ ನೀರು. ಗಾಡಿ ಈ ಕಡೆ ಬಂದ್ರ ನೀರು ಅದರ ಹಿಂದ ಬರಂಗಿಲ್ಲ. ನಮ್ಮ ಆರ್‌ಟಿಒದಾಗ ಮತ್ತ ತುಂಬಬೇಕು. ಎಷ್ಟು? ಇಲ್ಲೇ ಭಾಳ ಮಂದಿ ಎಡವೋದು. ನಾಲ್ಕು ಲಕ್ಷಕ್ಕ ತಗೊಂಡೀನಿ, ನಾಲ್ಕು ಲಕ್ಷದ ಮ್ಯಾಲ ಟ್ಯಾಕ್ಸ್ ಹಾಕ್ತಾರ ಅಂದ್ಕೊಂಡಿರ್ತಾರ. ಲೆಕ್ಕ ಶುರು ಆಗೋದು ಗಾಡಿ ಹೊಸದಿದ್ದಾಗಿನ ಬೆಲಿಯಿಂದ. ಆ ಬೆಲಿಗೆ ಬರೋ ಪೂರ್ತಿ ಟ್ಯಾಕ್ಸ್ ಹಿಡಿದು, ಗಾಡಿ ವಯಸ್ಸಿನ ಪ್ರಕಾರ ಅದರಾಗ ಇಷ್ಟು ಅಂತ ಕಡಿಮಿ ಮಾಡ್ತಾರ. ಹೊಸದಿದ್ದಾಗ 8 ಲಕ್ಷ ಇದ್ದ ಗಾಡಿಗೆ 14 ಪರ್ಸೆಂಟ್ ಅಂದ್ರ 1,12,000. ಐದು ವರ್ಷ ಆಗಿದ್ರೂ ಅದರ ಅರ್ಧಕ್ಕಿಂತ ಹೆಚ್ಚೇ ತುಂಬಬೇಕು, ಮ್ಯಾಲ ಸೆಸ್. ಅಲ್ಲಿ ತುಂಬಿದ್ದ ಟ್ಯಾಕ್ಸ್ ವಾಪಸ್ ಬೇಕಂದ್ರ ಆ ರಾಜ್ಯದ ಆರ್‌ಟಿಒದಾಗ ಬ್ಯಾರೆ ಅರ್ಜಿ, ಬ್ಯಾರೆ ಓಡಾಟ.

ಕಾಗದದ ದಾರಿ ಹಿಂಗ ಐತಿ. ಮೊದಲು ಮೂಲ ಆರ್‌ಟಿಒದಿಂದ ಫಾರಂ 28, ಅಂದ್ರ ಎನ್‌ಒಸಿ, ನಮ್ಮದೇನೂ ತಕರಾರಿಲ್ಲ ಅನ್ನೋ ಪತ್ರ. ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಜೋಡಿ ಫಾರಂ 35. ಇಲ್ಲಿ ಬಂದು ಹೊಸ ನಂಬರಿಗೆ ಫಾರಂ 27, ಹೆಸರು ಬದಲಿಗೆ 29 ಮತ್ತು 30. ಎನ್‌ಒಸಿ ಕೈಗೆ ಬರೋ ಮುಂಚೆ ಪೂರ್ತಿ ರೊಕ್ಕ ಕೊಡಬ್ಯಾಡ್ರಿ. ಅಲ್ಲಿ ಒಂದು ಹಳೇ ಚಲನ್ ಬಾಕಿ ಇದ್ರೂ ಎನ್‌ಒಸಿ ನಿಂತು ಹೋಗ್ತೈತಿ, ಗಾಡಿ ನಿಮ್ಮ ಮನಿ ಮುಂದ ನಿಂತಿರ್ತೈತಿ. ಬ್ಯಾರೆ ರಾಜ್ಯದ ನಂಬರ್ ಮ್ಯಾಲ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳಾಕ ಕಾಯ್ದೆ ಬಿಡಂಗಿಲ್ಲ.

ದೆಹಲಿ ಗಾಡಿ ಅಗ್ಗ ಅನ್ನೋದೂ ಇದೇ ದಾರಿ, ಕಾರಣ ಮಾತ್ರ ಬ್ಯಾರೆ. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲಿಗೆ 15 ವರ್ಷದ ಮಿತಿ ಹಾಕಿದ್ರು, 2025ರಾಗ ಸುಪ್ರೀಂ ಕೋರ್ಟ್ ಅದನ್ನ ಸಡಿಲ ಮಾಡೈತಿ. ಆ ಮಿತಿಗೆ ಹೆದರಿ ಒಂಬತ್ತನೇ ವರ್ಷಕ್ಕ ಡೀಸೆಲ್ ಗಾಡಿ ಹೊರಗ ಬರ್ತಿದ್ವು. ಗಾಡಿ ಚಲೋ ಇರಬಹುದು. ಲೆಕ್ಕ ಮಾತ್ರ ಒಂದೇ: ಅವರು ಹೇಳೋ ರೇಟು, ಅದಕ್ಕ ಇಲ್ಲಿನ ಟ್ಯಾಕ್ಸ್, ಸಾಗಾಟ, ಕಾಗದದ ಖರ್ಚು, ಎಲ್ಲಾ ಕೂಡಿಸಿ ಕೆಎ ಗಾಡಿ ರೇಟಿನ ಪಕ್ಕ ಇಟ್ಟು ನೋಡ್ರಿ. ಅದಾದಮ್ಯಾಲೂ ಚಲೋ ಉಳಿತಾಯ ಕಾಣ್ತಿದ್ರ ತಗೋರಿ. ಹತ್ತು-ಹದಿನೈದು ಸಾವಿರಕ್ಕಾದ್ರ ಬಿಡ್ರಿ.

[ಸ್ಕ್ರೀನ್: 9 ಪರ್ಸೆಂಟ್ / 13 ಪರ್ಸೆಂಟ್. ಯಾವುದು ಅಗ್ಗ?]

ಸಾಲದ ಮಾತು. ಸೆಕೆಂಡ್ ಹ್ಯಾಂಡ್ ಗಾಡಿಗೆ ಬ್ಯಾಂಕಿನವರು 13 ಅಂತಾರ. ಫೈನಾನ್ಸಿನವರು "ಬರೀ 9 ರೀ, ಫ್ಲ್ಯಾಟ್" ಅಂತಾರ. 4 ಲಕ್ಷ ಸಾಲ, ನಾಲ್ಕು ವರ್ಷ. ಫ್ಲ್ಯಾಟ್ 9 ಅಂದ್ರ ವರ್ಷಕ್ಕ 36,000, ನಾಲ್ಕು ವರ್ಷಕ್ಕ 1,44,000 ಬಡ್ಡಿ. ಕಂತು 11,333. ಬ್ಯಾಂಕಿನ 13, ಉಳಿದ ಅಸಲಿನ ಮ್ಯಾಲ ಮಾತ್ರ: ಕಂತು 10,731, ಬಡ್ಡಿ ಸುಮಾರು 1,15,000. ಅಂದ್ರ 13ರ ಸಾಲ 9ರ ಸಾಲಕ್ಕಿಂತ 29,000 ರೂಪಾಯಿ ಅಗ್ಗ.

ಯಾಕಂದ್ರ ಕೊನೇ ವರ್ಷದಾಗ ನಿಮ್ಮ ಅಸಲು ಒಂದು ಲಕ್ಷದ ಆಸುಪಾಸು ಉಳಿದಿರ್ತೈತಿ, ಫ್ಲ್ಯಾಟಿನವರು ಆಗಲೂ ಪೂರ್ತಿ 4 ಲಕ್ಷದ ಮ್ಯಾಲೇ ಬಡ್ಡಿ ಹಿಡಿದಿರ್ತಾರ. ಉಳಿದ ಅಸಲಿನ ಲೆಕ್ಕಕ್ಕ ತಂದ್ರ ಆ 9 ಅನ್ನೋದು 16ರ ಹತ್ತಿರ ನಿಲ್ತೈತಿ. ಪರ್ಸೆಂಟ್ ಎಷ್ಟು ಅಂತ ಕೇಳಬ್ಯಾಡ್ರಿ. ಕಂತು ಎಷ್ಟು, ಎಷ್ಟು ತಿಂಗಳು ಅಂತ ಕೇಳ್ರಿ, ಗುಣಿಸ್ರಿ, ಸಾಲ ಕಳೀರಿ. ಉಳಿದದ್ದು ಬಡ್ಡಿ.

[ಟೈರ್ ಪಕ್ಕದ ಗೋಡೆ, ಕ್ಲೋಸಪ್. ಬೆರಳು ನಾಲ್ಕು ಅಂಕಿ ತೋರಿಸುತ್ತಿದೆ.]

ಗಾಡಿ ನೋಡಾಕ ಹೋದಾಗ ಮೀಟರ್ ನೋಡೋ ಮುಂಚೆ ಟೈರ್ ನೋಡ್ರಿ. ಪಕ್ಕದಾಗ ಒಂದು ಸಣ್ಣ ಅಂಡಾಕಾರದ ಗುರುತಿನ್ಯಾಗ ನಾಲ್ಕು ಅಂಕಿ ಇರ್ತಾವ. 2321 ಅಂದ್ರ 2021ರ 23ನೇ ವಾರ ತಯಾರಾಗಿದ್ದು. ಹೊರಗ ಕಾಣದಿದ್ರ ಟೈರಿನ ಒಳಗಡೆ ಮೈಮ್ಯಾಲ ಇರ್ತೈತಿ, ಟಾರ್ಚ್ ಹಿಡಿದು ಬಗ್ಗಿ ನೋಡ್ರಿ. ಗಾಡಿ 2020ರದು, ಮೀಟರ್ 38,000 ತೋರಸ್ತೈತಿ, ನಾಲ್ಕೂ ಟೈರ್ 2023ರವು, ಸ್ಟೆಪ್ನಿ ಮಾತ್ರ 2020ರದು ಅಂತ ಇಟ್ಕೊಳ್ರಿ. ಮೊದಲನೇ ಸೆಟ್ ಸಾಮಾನ್ಯವಾಗಿ 40,000ದಿಂದ 50,000 ಕಿಲೋಮೀಟರ್ ಬಾಳ್ತೈತಿ. ಅದು ಹೋಗಿ ಎರಡನೇ ಸೆಟ್ ಬಂದು, ಅದೂ ಅರ್ಧ ಸವದೈತಿ ಅಂದ್ರ ಗಾಡಿ 60,000 ದಾಟಿರಬೇಕು. ಮೀಟರ್ ತಿರುವ್ಯಾರ ಅಂತ ಅಲ್ಲೇ ಅನುಮಾನ ಬರಬೇಕು. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಸವಕಳಿ, ಸ್ಟೀರಿಂಗ್ ನುಣುಪು ಅದನ್ನೇ ಹೇಳ್ತಾವೇನು ನೋಡ್ರಿ. ಆಮ್ಯಾಲ ಸರ್ವಿಸ್ ಸೆಂಟರಿನ ದಾಖಲೆ ಕೇಳ್ರಿ.

ನಮ್ಮ ಕಡೆಗೇ ಅಂತ ಒಂದು ಪರೀಕ್ಷೆ ಐತಿ: ಕೆಂಪು ದೂಳು. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಅದಿರಿನ ರಸ್ತೆದಾಗ ಓಡಿದ ಗಾಡಿ ಎಷ್ಟು ತೊಳೆದ್ರೂ ಪೂರ್ತಿ ಸ್ವಚ್ಛ ಆಗಂಗಿಲ್ಲ. ಬಾಗಲದ ರಬ್ಬರ್ ಬಿಚ್ಚಿ ನೋಡ್ರಿ, ಸೀಟಿನ ಹಳಿ ಮ್ಯಾಲ ಬೆರಳು ಎಳೀರಿ, ಸೀಟ್ ಬೆಲ್ಟ್ ಕೊನೀ ತನಕ ಜಗ್ಗಿ ನೋಡ್ರಿ. ಅಲ್ಲಿ ಕೆಂಪು ಇದ್ರ ಅಷ್ಟಕ್ಕೇ ಹೆದರಬ್ಯಾಡ್ರಿ. ಏರ್ ಫಿಲ್ಟರ್ ಡಬ್ಬಿ ತೆಗೆಸ್ರಿ. ಫಿಲ್ಟರಿನ ಹೊರಮೈ ಕೆಂಪಿದ್ರ ಅದು ತನ್ನ ಕೆಲಸ ಮಾಡೈತಿ ಅಂತ ಅರ್ಥ. ಫಿಲ್ಟರ್ ದಾಟಿ ಎಂಜಿನ್ ಕಡೆ ಹೋಗೋ ಪೈಪಿನ ಒಳಗೂ ಕೆಂಪು ಇದ್ರ ಎಂಜಿನ್ ದೂಳು ತಿಂದೈತಿ. ಆ ದೂಳು ಪಿಸ್ಟನ್ ರಿಂಗು, ಸಿಲಿಂಡರ್ ಗೋಡಿ ಉಜ್ಜಿ ಹಾಕ್ತೈತಿ. ಎಂಜಿನ್ ಬಿಸಿ ಆದಮ್ಯಾಲ ಸ್ಲೋನ್ಯಾಗ ಬಿಟ್ಟು ಆಯಿಲ್ ಮುಚ್ಚಳ ತೆಗೆದು ನೋಡ್ರಿ: ಹೊಗಿ ಒತ್ತಿ ಒತ್ತಿ ಬಂದ್ರ, ಸೈಲೆನ್ಸರಿನ್ಯಾಗ ನೀಲಿ ಹೊಗಿ ಕಂಡ್ರ, ಆ ಗಾಡಿ ಎಷ್ಟು ಅಗ್ಗ ಇದ್ರೂ ಬ್ಯಾಡ. ಸೀಟ್ ಬೆಲ್ಟಿನ ಮ್ಯಾಲ ಒಣಗಿದ ಕೆಸರಿನ ಗೆರಿ ಇದ್ರ ಅದು ದೂಳಲ್ಲ, ಗಾಡಿ ನೀರಿನ್ಯಾಗ ನಿಂತಿತ್ತು ಅಂತ.

ಟೈಮ್ ಕಡಿಮಿ ಉಳಿದೈತಿ, ಮಿಕ್ಕಿದ್ದು ಒಟ್ಟಿಗೆ ಹೇಳ್ತೀನಿ. ಬಿಎಸ್6, ಅಂದ್ರ ಹೊಸ ಹೊಗಿ ನಿಯಮದ ಡೀಸೆಲ್ ಗಾಡಿಯಾದ್ರ ಊರೊಳಗ ಎರಡು-ಮೂರು ಕಿಲೋಮೀಟರ್ ಓಡಾಟದಾಗೇ ಇತ್ತೇನು ಕೇಳ್ರಿ. ಹಂಗ ಓಡಿದ್ರ ಸೈಲೆನ್ಸರ್ ಕಡೆ ಹೊಗಿ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಮಸಿ ಕಟ್ಟಿ ಕುಂದ್ರತೈತಿ, ರಿಪೇರಿ ತುಟ್ಟಿ. ಡೀಲರ್ ಕಡೆ ತಗೊಂಡ್ರ ಅವರ ಮಾರ್ಜಿನ್ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ ಕೂಡಿರ್ತೈತಿ. ಮಾರ್ಜಿನ್ 60,000 ಇದ್ರ 10,800. ಮಾಲೀಕರ ಕಡೆಯಿಂದ ನೇರ ತಗೊಂಡ್ರ ಅದು ಇಲ್ಲ. ಸರ್ಕಾರದ ಪರಿವಾಹನ್ ವೆಬ್‌ಸೈಟಿನ್ಯಾಗ ಸಾಲ, ಚಲನ್, ಎಷ್ಟನೇ ಮಾಲೀಕ ಅನ್ನೋದು ನೋಡ್ರಿ. ಚಾಸಿ ನಂಬರನ್ನ ಆರ್‌ಸಿ ಜೋಡಿ ಅಂಕಿ ಅಂಕಿ ತಾಳೆ ಹಾಕ್ರಿ. ತಗೊಂಡ 14 ದಿನದೊಳಗ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸ್ರಿ, ಇಲ್ಲಾಂದ್ರ ಗಾಡಿ ಡ್ಯಾಮೇಜಿನ ಕ್ಲೇಮ್ ತಿರಸ್ಕಾರ ಆಗ್ತೈತಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದ್ರ ಕ್ಲೇಮ್ ಮಾಡದ್ದಕ್ಕ ಪ್ರೀಮಿಯಂನ್ಯಾಗ ಸಿಗೋ ರಿಯಾಯಿತಿ, ಅವರದು, ನಿಮಗ ಬರಂಗಿಲ್ಲ. ಅದನ್ನ ತೋರಿಸಿ ರೇಟು ಏರಿಸಿದ್ರ ಒಪ್ಪಬ್ಯಾಡ್ರಿ.

ಕೊನೀದು ಗಾಡಿ ಮಾರೋರಿಗೆ. ಫಾರಂ 29, 30ಕ್ಕ ಸಹಿ ಹಾಕಿ ಏಜೆಂಟರ ಕೈಗೆ ಕೊಟ್ಟು ಮರೀಬ್ಯಾಡ್ರಿ. 14 ದಿನದೊಳಗ ಆರ್‌ಟಿಒಗೆ ತಿಳಿಸೋ ಕೆಲಸ ನಿಮ್ಮದು. ಆರ್‌ಸಿಯಲ್ಲಿ ಹೆಸರು ಯಾರದೈತೋ ಅವರೇ ಮಾಲೀಕರು ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳೈತಿ. ನೀವು ಮಾರಿದ ಗಾಡಿ ಮೂರು ಕೈ ದಾಟಿ ಎಲ್ಲೋ ಅಪಘಾತ ಮಾಡಿ, ಇನ್ಶೂರೆನ್ಸೂ ಇರದಿದ್ರ ಪರಿಹಾರದ ನೋಟಿಸ್ ನಿಮ್ಮ ಮನಿಗೇ ಬರ್ತೈತಿ. ಹೆಸರು ಬದಲಾಗೈತೋ ಇಲ್ಲೋ ಅಂತ ಒಂದು ತಿಂಗಳ ಮ್ಯಾಲ ಪರಿವಾಹನ್‌ದಾಗ ನಿಮ್ಮ ಹಳೇ ನಂಬರ್ ಹಾಕಿ ನೋಡ್ರಿ.